ಚೀನೀಯರ ಪೇಟೆಯೂ ಏಂಜೆಲ್ ದ್ವೀಪವೂ

ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ನೋಡಿ ಬಂದವರು ಅಲ್ಲಿಯ ಕೆಂಪು ತೂಗುಸೇತುವೆಯನ್ನೂ, ಉಕ್ಕಿನ ಹಗ್ಗದ ಬಲದಿಂದ ಗುಡ್ಡವೇರುವ ಟ್ರಾಂ ಬಂಡಿಗಳನ್ನೂ ವರ್ಣಿಸದೆ ಬಿಡುವುದಿಲ್ಲ. ಆ ವರ್ಣನೆಗಳನ್ನು ವಾಚಕರು ಸಾಕಷ್ಟು ಓದಿರುವರಾದುದರಿಂದ ನಾವು ಆ ಗೋಜಿಗೆ ಹೋಗುವುದಿಲ್ಲ. ಆ ಊರಿನ ನಡುವೆ ಚೀನೀಯರ ಪೇಟೆಯೊಂದಿದೆ; ಅದರ ಮುಂದಿನ ಕೊಲ್ಲಿಯಲ್ಲಿ ಏಂಜೆಲ್ ಐಲೆಂಡ್ ಎಂಬ ದ್ವೀಪವೊಂದಿದೆ. ಇವೆರಡನ್ನು ನಾವು ಎರಡು ಶನಿವಾರಗಳಲ್ಲಿ ನೋಡಿದೆವು. ನೋಡುವುದಕ್ಕೆ ಮುಂಚೆಯೇ ಅವುಗಳ ವಿಷಯವನ್ನು ಕಥೆಗಳಲ್ಲಿ ಓದಿದ್ದೆವು. ಓದಿಸಿದವಳು ಹದಿನಾಲ್ಕು ವರ್ಷದ ಮೊಮ್ಮಗಳು. ಅವಳು ನಮಗೆ ಗುರುವಾದ ಬಗೆಯನ್ನು ಮೊದಲು ಹೇಳಬೇಕು.

ಕಳೆದ ವರ್ಷ ಆರು ತಿಂಗಳ ಮಟ್ಟಿಗೆ ನಾವು ಮಗಳ ಮನೆಯಲ್ಲಿದ್ದೆವು. ಅವಳ ಸಂಸಾರವಿರುವುದು ಕೊಲ್ಲಿಯ ಪೂರ್ವದಡದ ಫ್ರೀಮಾಂಟ್ ಎಂಬ ಊರಿನಲ್ಲಿ. ನಮ್ಮ ಮನೆಯವರಿಗೆ ಎಲ್ಲಿ ಹೋದರೂ ಅಡುಗೆಮನೆಯುಂಟು, ಕೆಲಸವುಂಟು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ರಾಮಶಬ್ದವನ್ನೂ ಭೂಧಾತುವನ್ನೂ ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೆ ಮಾತ್ರ ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಕೆಲಸವಿಲ್ಲದ ಮೇಷ್ಟರು ಮನೆಯಲ್ಲಿದ್ದರೆ ಆ ಮನೆಯ ಮಕ್ಕಳಿಗೆ ಕಷ್ಟ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಾವು ತಾಳ್ಮೆಗೆಟ್ಟು, ಅಜ್ಜನ ಭಾಷೆಯಲ್ಲಿ ಮಾತಾಡಲಾರದವಳು ಅಜ್ಜನಿಗೆ ಮೊಮ್ಮಗಳು ಹೇಗಾದಾಳು ಎಂದುಬಿಟ್ಟೆವು. ಹುಡುಗಿ ತಟ್ಟೆಯನ್ನೆತ್ತಿಕೊಂಡು ಎದ್ದುಹೋದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಬಂದು ನೋಡಿದರೆ ನಮ್ಮ ಮಂಚದ ಮೇಲೆ ಒಂದು ಪುಸ್ತಕವಿತ್ತು. ಅವಳ ಶಾಲೆಯಲ್ಲಿ ಆ ವರ್ಷ ಪಾಠಕ್ಕಿಟ್ಟಿದ್ದ ಕಾದಂಬರಿ ಅದು: ಏಮಿ ಟಾನ್ ಎಂಬ ಲೇಖಕಿ 1989ರಲ್ಲಿ ಪ್ರಕಟಿಸಿದ ‘ದಿ ಜಾಯ್ ಲಕ್ ಕ್ಲಬ್’. ಜೊತೆಯಲ್ಲಿ ಚೀಟಿಯಿಲ್ಲ, ಮಾತಿಲ್ಲ. ಆದರೂ ಅದು ನಮ್ಮ ಬೈಗುಳಕ್ಕೆ ಬಂದ ಉತ್ತರವೆಂಬುದು ನಮಗೆ ತಿಳಿಯಿತು.

ಚೀನೀಯರ ವಿಷಯದಲ್ಲಿ ಅಲ್ಲಿಯವರೆಗೆ ನಮಗಿದ್ದ ತಿಳಿವಳಿಕೆಯೆಲ್ಲ ಹ್ಯೂಯೆನ್ ತ್ಸಾಂಗನ ಕಾಲದ್ದು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಆ ಯಾತ್ರಿಕನಿಂದ ಈಚೆಗೆ ಹದಿಮೂರು ಶತಮಾನಗಳನ್ನು ನಾವು ಒಂದೇ ಹಾರಿಗೆ ದಾಟಬೇಕಾಯಿತು. ಪುಸ್ತಕವನ್ನು ನಾಲ್ಕು ದಿನದಲ್ಲಿ ಓದಿ ಮುಗಿಸಿದೆವು. ಐದನೆಯ ದಿನ ಮೊಮ್ಮಗಳೇ ಬಂದು, ಕಥೆ ನಡೆದ ಬೀದಿಯನ್ನು ತೋರಿಸಲೇ ಎಂದಳು. ಹೀಗೆ ಸಂಧಿಯಾಯಿತು.

ಫ್ರೀಮಾಂಟಿನಿಂದ ರೈಲು ಕೊಲ್ಲಿಯ ನೀರಿನ ಅಡಿಯಲ್ಲಿ ಸುರಂಗದೊಳಗೆ ಹಾದು ನಗರವನ್ನು ಸೇರುತ್ತದೆ. ನಿಲ್ದಾಣದಿಂದ ಸ್ವಲ್ಪ ಏರುಹಾದಿ ನಡೆದರೆ ಬುಷ್ ಬೀದಿಯೂ ಗ್ರಾಂಟ್ ಅವೆನ್ಯೂ ಎಂಬ ಹಾದಿಯೂ ಕೂಡುವಲ್ಲಿ ಹಸುರು ಹೆಂಚಿನ ಮಹಾದ್ವಾರ. ಇಕ್ಕೆಲದಲ್ಲಿ ಕಲ್ಲಿನ ಸಿಂಹಗಳು. ಇದು ಬಹು ಪುರಾತನವೆಂದು ಭಾವಿಸಿ ನಾವು ಭಕ್ತಿಯಿಂದ ನೋಡುತ್ತಿರಲು, ಕಟ್ಟಿದ್ದು 1970ರಲ್ಲಿ ಎಂದು ಮೊಮ್ಮಗಳು ಹೇಳಿದಳು. ಒಳಗಿನ ಬೀದಿಯ ಸಂಗತಿಯೂ ಹೀಗೆಯೇ. ಬಾಗಿದ ಮಾಡುಗಳು, ಗೋಪುರಗಳು, ಕೆಂಪು ಲಾಂದ್ರಗಳು ಎಲ್ಲವೂ ಚೀನಾ ದೇಶದಿಂದ ಎತ್ತಿ ತಂದಿಟ್ಟಂತೆ ಕಾಣುತ್ತವೆ. ವಾಸ್ತವವೇನೆಂದರೆ, 1906ರ ಏಪ್ರಿಲ್ 18ರ ಭೂಕಂಪದಲ್ಲಿಯೂ ಅದರ ಬೆನ್ನಿಗೇ ಎದ್ದ ಬೆಂಕಿಯಲ್ಲಿಯೂ ಹಳೆಯ ಪೇಟೆ ಸಂಪೂರ್ಣವಾಗಿ ನಾಶವಾಯಿತು. ಇದೇ ಸಮಯವೆಂದು ನಗರದ ಮುಖಂಡರು ಚೀನೀಯರನ್ನು ಊರ ಅಂಚಿಗೆ ಸಾಗಹಾಕುವ ಯೋಚನೆ ಮಾಡಿದರು. ಚೀನೀ ವರ್ತಕರು ಬುದ್ಧಿವಂತರು. ನೋಡುವವರ ಮನಸ್ಸನ್ನು ಸೆಳೆಯುವಂತೆ ಪೇಟೆಯನ್ನು ಕಟ್ಟಿದರೆ ಜನ ಬರುತ್ತಾರೆ, ಜನ ಬಂದರೆ ಹಣ ಬರುತ್ತದೆ, ಹಣ ಬಂದರೆ ಯಾರೂ ಓಡಿಸುವುದಿಲ್ಲ ಎಂದು ಎಣಿಸಿ, ಬಿಳಿಯ ಶಿಲ್ಪಿಗಳಿಂದಲೇ ಈ ಗೋಪುರಗಳನ್ನು ಕಟ್ಟಿಸಿದರು. ಚೀನಾ ದೇಶವನ್ನು ನೋಡದವರು ಚೀನಾ ಹೀಗಿರಬಹುದೆಂದು ಊಹಿಸಿ ಕಟ್ಟಿದ ಬೀದಿ ಅದು. ಪರರ ಕಣ್ಣಿಗಾಗಿ ಕಟ್ಟಿದ ಮುಖದ ಹಿಂದೆ ಸಣ್ಣ ಸಣ್ಣ ಕೋಣೆಗಳಲ್ಲಿ ಸಂಸಾರಗಳು ಬೇರೆಯೇ ಒಂದು ಬಾಳನ್ನು ಬಾಳಿದುವು. ಈ ಜನರ ಕಥೆಗಳೆಲ್ಲ ಆ ಹಿಂದಿನ ಕೋಣೆಗಳ ಕಥೆಗಳು.

ಒಂದು ಬೀದಿ ಮೇಲೆ, ಸ್ಟಾಕ್ಟನ್ ಎಂಬಲ್ಲಿ, ವೇಷವಿಲ್ಲದ ಪೇಟೆಯನ್ನು ಕಂಡೆವು. ಮುದುಕಿಯರು ಸೊಪ್ಪನ್ನು ಹಿಂದೆ ಮುಂದೆ ತಿರುಗಿಸಿ, ಚೌಕಾಸಿ ಮಾಡಿ, ತೃಪ್ತಿಯಿಲ್ಲದ ಮುಖದಿಂದ ಚೀಲಕ್ಕೆ ಹಾಕುವುದನ್ನು ನೋಡಿದಾಗ ಶಿವಮೊಗ್ಗೆಯ ಸಂತೆ ನೆನಪಾಯಿತು. ಮೀನಂಗಡಿಗಳ ಮುಂದೆ ಮಾತ್ರ ಉತ್ತರೀಯವನ್ನು ಮೂಗಿಗೆ ಹಿಡಿದು ಬೇಗಬೇಗನೆ ನಡೆದೆವು. ಮೊಮ್ಮಗಳಿಗೆ ಇದರಿಂದ ನಾಚಿಕೆಯಾಗಿ ಅವಳು ಹತ್ತು ಮಾರು ಮುಂದೆ ನಡೆದಳು. ಅದೂ ನ್ಯಾಯವೇ.

ವೇವರ್ಲಿ ಪ್ಲೇಸ್ ಎಂಬ ಕಿರುಬೀದಿಯಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ತಿನ್ ಹೌ ದೇವಿಯ ಗುಡಿಯಿದೆ. ಈಕೆ ಸಮುದ್ರಯಾನ ಮಾಡುವವರನ್ನು ಕಾಪಾಡುವ ತಾಯಿ. 1852ರಲ್ಲಿ ಸ್ಥಾಪನೆಯಾಯಿತೆಂದು ಹೇಳುತ್ತಾರೆ. ಕಡಿದಾದ ಮೆಟ್ಟಿಲುಗಳನ್ನೇರಿ ಏದುಸಿರು ಬಿಡುತ್ತ ಒಳಹೊಕ್ಕರೆ ಧೂಪದ ಹೊಗೆ, ಹಣ್ಣಿನ ನೈವೇದ್ಯ, ಮೌನ. ನಾವು ಕೈ ಮುಗಿದೆವು. ಕಡಲನ್ನು ದಾಟಿ ಬಂದವರೆಲ್ಲರಿಗೂ ಆಕೆಯ ಋಣವುಂಟಷ್ಟೆ.

ಈ ಬೀದಿಯ ಹೆಸರನ್ನೇ ಏಮಿ ಟಾನರ ಕಾದಂಬರಿಯಲ್ಲಿ ಒಬ್ಬ ತಾಯಿ ತನ್ನ ಮಗಳಿಗೆ ಇಟ್ಟಿದ್ದಾಳೆ. ಈ ನೆಲಕ್ಕೆ ಸೇರಿದವಳೆಂಬ ಭಾವನೆ ಮಗುವಿಗೆ ಹುಟ್ಟಲಿ ಎಂಬುದು ಅವಳ ಆಸೆ. ಸೇರಿದವಳಾದ ಮೇಲೆ ತನ್ನ ಕೈಬಿಟ್ಟು ಹೋಗುವಳೆಂಬ ಅಳಲೂ ಅದರೊಳಗೇ ಇದೆ. ಕಥೆಯಲ್ಲಿ ನಾಲ್ವರು ತಾಯಂದಿರು, ನಾಲ್ವರು ಹೆಣ್ಣುಮಕ್ಕಳು. ತಾಯಂದಿರು ವಾರವಾರವೂ ಕೂಡಿ ಮಾಜಾಂಗ್ ಎಂಬ ಆಟವನ್ನಾಡುವರು. ಅದು ದಂತದ ಬಿಲ್ಲೆಗಳಂಥವನ್ನು ಇಟ್ಟುಕೊಂಡು ನಾಲ್ವರು ಆಡುವ ಆಟ. ಒಬ್ಬಾಕೆ ತೀರಿಕೊಂಡಾಗ ಅವಳ ಮಣೆಯಲ್ಲಿ ಮಗಳು ಬಂದು ಕುಳಿತುಕೊಳ್ಳಬೇಕಾಗುತ್ತದೆ. ಸತ್ತ ತಾಯಿ ಜಪಾನೀಯರ ದಾಳಿಯ ಕಾಲದಲ್ಲಿ ಗುಯಿಲಿನ್ ನಗರದಿಂದ ನಡೆದು ಬರುವಾಗ ಅವಳಿ ಹೆಣ್ಣುಕೂಸುಗಳನ್ನು ದಾರಿಯ ಬದಿಯಲ್ಲಿ ಬಿಡಬೇಕಾಗಿ ಬಂದವಳು. ಆ ಮಕ್ಕಳು ಬದುಕಿದ್ದಾರೆಂದು ಈಗ ಪತ್ರ ಬಂದಿದೆ. ಹೋಗಿ ಅವರನ್ನು ಕಂಡು ಅಮ್ಮನ ವಿಷಯವನ್ನೆಲ್ಲ ಹೇಳಿ ಬಾ ಎಂದು ಹಿರಿಯರು ಹುಡುಗಿಗೆ ಹೇಳುತ್ತಾರೆ. ಅವಳೆನ್ನುವುದೇನು? ಅಮ್ಮನ ವಿಷಯ ನನಗೆ ಗೊತ್ತಿರುವುದೇನು, ಹೇಳಲಿಕ್ಕೆ! ಈ ಮಾತನ್ನು ಕೇಳಿ ಮಿಕ್ಕ ಮೂವರು ಮುದುಕಿಯರೂ ಬೆಚ್ಚಿಬೀಳುತ್ತಾರೆ. ತಂತಮ್ಮ ಮಕ್ಕಳೂ ಹೀಗೆಯೇ ಎಂಬುದು ಅವರಿಗೆ ಆ ಕ್ಷಣದಲ್ಲಿ ಕಾಣುತ್ತದೆ.

ಏಮಿ ಟಾನ್ 1952ರಲ್ಲಿ ಕೊಲ್ಲಿಯ ಆಚೆದಡದ ಓಕ್ಲೆಂಡಿನಲ್ಲಿ ಹುಟ್ಟಿದವರು. ಅವರ ತಾಯಿಗೂ ಚೀನಾದಲ್ಲಿ ಬಿಟ್ಟುಬಂದ ಹೆಣ್ಣುಮಕ್ಕಳಿದ್ದರು. 1987ರಲ್ಲಿ ತಾಯಿಯೊಡನೆ ಹೋಗಿ ಆ ಅಕ್ಕಂದಿರನ್ನು ಅವರು ಕಂಡು ಬಂದರು. ಆದ್ದರಿಂದ ಕಥೆಯ ಕೊನೆಯಲ್ಲಿ ಬರುವ ಕಣ್ಣೀರು ಕೇವಲ ಕಲ್ಪನೆಯದಲ್ಲ. ನಮ್ಮ ಅಭಿಪ್ರಾಯದಲ್ಲಿ ಆ ಕಾದಂಬರಿಯ ಗಂಡಸರೆಲ್ಲ ಸ್ವಲ್ಪ ತೆಳ್ಳಗಾಗಿದ್ದಾರೆ. ದುಃಖವೂ ಒಂದೆರಡು ಕಡೆ ಸಿಹಿಯಾಗಿದೆ. ಹಾಗಿದ್ದರೂ, ಭಾಷೆ ಬಾರದುದು ಮಗಳೊಬ್ಬಳ ತಪ್ಪಲ್ಲ, ಹೇಳದೆ ಬಚ್ಚಿಟ್ಟುದು ತಾಯಿಯ ತಪ್ಪೂ ಹೌದು ಎಂಬ ಅದರ ತೀರ್ಪಿಗೆ ನಾವು ಎದುರು ಹೇಳಲಾರದೆ ಹೋದೆವು.

ಪೋರ್ಟ್ಸ್‌ಮತ್ ಚೌಕದ ಬೆಂಚಿನ ಮೇಲೆ ಕುಳಿತು ಮಗಳು ಕಟ್ಟಿಕೊಟ್ಟಿದ್ದ ಚಪಾತಿಯನ್ನು ತಿಂದೆವು. ಸುತ್ತಲೂ ವೃದ್ಧರು ಚೀನೀ ಚದುರಂಗವನ್ನಾಡುತ್ತಿದ್ದರು. ಈ ವೃದ್ಧರ ಅಜ್ಜಂದಿರ ಕಾಲದ ವಿಚಾರವನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯದು. 1849ರಲ್ಲಿ ಚಿನ್ನದ ಆಸೆಗೆ ಜನ ನುಗ್ಗಿದಾಗ ಚೀನೀಯರೂ ಬಂದರು. ಮುಂದೆ ಖಂಡವನ್ನು ದಾಟುವ ರೈಲುದಾರಿಯನ್ನು ಹಾಕುವಾಗ ಪಶ್ಚಿಮದ ಪರ್ವತಗಳನ್ನು ಕೊರೆದವರು ಹತ್ತು ಸಾವಿರಕ್ಕೂ ಮಿಕ್ಕ ಚೀನೀ ಕೂಲಿಗಳು. 1869ರಲ್ಲಿ ರೈಲುದಾರಿ ಮುಗಿಯಿತು. ಕೆಲಸ ಮುಗಿದ ಮೇಲೆ ಕೆಲಸಗಾರ ಬೇಡವಾದನು. 1875ರ ಕಾನೂನು ಅವರ ಹೆಂಗಸರು ಬರುವುದನ್ನು ಬಹುಮಟ್ಟಿಗೆ ತಡೆಯಿತು. 1882ರ ಕಾನೂನು ಕೂಲಿಯವರು ಬರುವುದನ್ನೇ ನಿಷೇಧಿಸಿತು. ಈ ನಿಷೇಧ ತೆಗೆದುಹೋದುದು 1943ರಲ್ಲಿ. ಆಗಲೂ ವರ್ಷಕ್ಕೆ 105 ಮಂದಿಗೆ ಮಾತ್ರ ಪ್ರವೇಶ. ಬಾಗಿಲು ನಿಜವಾಗಿ ತೆರೆದುದು 1965ರ ಕಾನೂನಿನಿಂದ. ನಮ್ಮವರು ಅಲ್ಲಿ ಇಂದು ಮನೆಮಠ ಮಾಡಿಕೊಂಡಿರುವುದೂ ಅದೇ ಕಾನೂನಿನ ಪುಣ್ಯದಿಂದ.

ಹೀಗೆ ಅರವತ್ತು ವರ್ಷಕಾಲ ಆ ಪೇಟೆ ಬಹುಪಾಲು ಗಂಡಸರ ಪೇಟೆಯಾಗಿತ್ತು. ಹೆಂಡತಿ ಊರಿನಲ್ಲಿ, ಗಂಡ ಇಲ್ಲಿ, ನಡುವೆ ಸಮುದ್ರ. 1961ರಲ್ಲಿ ಲೂಯಿಸ್ ಚೂ ಎಂಬವರು ಬರೆದ ‘ಈಟ್ ಎ ಬೌಲ್ ಆಫ್ ಟೀ’ ಎಂಬ ಕಾದಂಬರಿ ನ್ಯೂಯಾರ್ಕಿನ ಚೀನೀಯರ ಪೇಟೆಯ ಇಂಥ ವೃದ್ಧರ ಚಿತ್ರ. ಮಕ್ಕಳ ಮದುವೆಯನ್ನು ನೆಲಮಾಳಿಗೆಯ ಜೂಜಿನ ಕೋಣೆಯಲ್ಲಿ ಕುಳಿತು ನಡೆಸಲು ಹೊರಟ ತಂದೆಯರ ಅಧಿಕಾರ ಹೇಗೆ ನಗೆಪಾಟಲಾಗುತ್ತದೆಂಬುದನ್ನು ಅವರು ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಗ್ರಂಥದಲ್ಲಿ ಮನೆಮಂದಿಯ ನಡುವೆ ಓದಿಹೇಳಲಾಗದ ಪ್ರಸಂಗಗಳಿರುವುದರಿಂದ ಹೆಚ್ಚು ಹೇಳುವುದಿಲ್ಲ.

ಇದಕ್ಕಿಂತಲೂ ಹಿಂದಿನದು, 1912ರಲ್ಲಿ ಹೊರಬಂದ ಒಂದು ಕಥಾಸಂಗ್ರಹ. ಬರೆದಾಕೆಯ ತಂದೆ ಇಂಗ್ಲಿಷರವನು, ತಾಯಿ ಚೀನೀಯಳು. ತಂದೆಯ ಹೆಸರನ್ನಿಟ್ಟುಕೊಂಡು ಸುಖವಾಗಿರಬಹುದಾಗಿತ್ತು; ಆಕೆ ಸೂಯಿ ಸಿನ್ ಫಾರ್ ಎಂಬ ಚೀನೀ ಹೆಸರಿನಲ್ಲಿ ಬರೆದಳು. ಅದರಲ್ಲೊಂದು ಕಥೆ ನಮ್ಮನ್ನು ರಾತ್ರಿ ನಿದ್ರೆಗೆಡಿಸಿತು. ತಾಯಿಯೊಬ್ಬಳು ಚೀನಾದಲ್ಲಿ ಹೆತ್ತ ಮಗುವನ್ನೆತ್ತಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಬಂದರಿಗೆ ಬರುತ್ತಾಳೆ. ಮಗುವಿಗೆ ಕಾಗದವಿಲ್ಲ, ಅಧಿಕಾರಿಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಒಡವೆಗಳೆಲ್ಲ ವಕೀಲನ ಪಾಲಾಗುತ್ತವೆ. ಹತ್ತು ತಿಂಗಳ ಮೇಲೆ ಅಪ್ಪಣೆ ಬಂದು, ತಾಯಿ ಓಡೋಡಿ ಮಿಷನರಿಗಳ ಅನಾಥಾಲಯಕ್ಕೆ ಹೋದರೆ, ಮಗು ಸಾಕಿದ ಬಿಳಿಯ ಹೆಂಗಸಿನ ಸೆರಗಿನಲ್ಲಿ ಅಡಗಿಕೊಂಡು, ಹೊಸ ಭಾಷೆಯಲ್ಲಿ, ಹೋಗು ಎನ್ನುತ್ತದೆ. ಕಥೆ ಅಷ್ಟಕ್ಕೇ ನಿಲ್ಲುತ್ತದೆ. ಊಟದ ತಟ್ಟೆಯನ್ನೆತ್ತಿಕೊಂಡು ಎದ್ದುಹೋದ ಹುಡುಗಿಯ ಮೇಲೆ ನಮಗುಳಿದಿದ್ದ ಅಲ್ಪಸ್ವಲ್ಪ ಕೋಪವೂ ಇದನ್ನು ಓದಿದ ಮೇಲೆ ಹೋಯಿತು. ಎಲ್ಲಿಯ ಹಸುಗೂಸು, ಎಲ್ಲಿಯ ಹದಿನಾಲ್ಕರ ಹುಡುಗಿ! ಆದರೆ ಭಾಷೆಯನ್ನು ಆರಿಸಿಕೊಂಡವರು ಇಬ್ಬರಲ್ಲಿ ಯಾರೂ ಅಲ್ಲ.

ಮುಂದಿನ ಶನಿವಾರ ಏಂಜೆಲ್ ದ್ವೀಪಕ್ಕೆ ಹೊರಟೆವು. ನಗರದ ಕಟ್ಟೆಯಿಂದ ಹಡಗು ಹೊರಡುತ್ತದೆ. ಬೇಸಗೆಯಾದರೂ ಆ ಕೊಲ್ಲಿಯ ಗಾಳಿ ಶಾಲನ್ನು ಕಿತ್ತೊಯ್ಯುವಂತಿತ್ತು. ಇಳಿದಲ್ಲಿಂದ ಒಂದೂವರೆ ಮೈಲಿಯಷ್ಟು ಹಾದಿ ನಡೆದರೆ ದ್ವೀಪದ ಮತ್ತೊಂದು ಮಗ್ಗುಲಲ್ಲಿ ಹಳೆಯ ವಲಸೆಗಾರರ ಠಾಣೆ. 1910ರಿಂದ 1940ರವರೆಗೆ ಶಾಂತಸಾಗರವನ್ನು ದಾಟಿ ಬಂದವರನ್ನು ಇಲ್ಲಿ ಹಿಡಿದಿಟ್ಟು ವಿಚಾರಣೆ ನಡೆಸುತ್ತಿದ್ದರು. ಹೆಚ್ಚಿನವರು ಚೀನೀಯರು, ಜಪಾನೀಯರೂ ಇದ್ದರು, ಪಂಜಾಬಿನಿಂದ ಬಂದ ನಮ್ಮ ದೇಶದವರೂ ಇದ್ದರು. ಕೆಲವರಿಗೆ ಕೆಲವು ದಿನ, ಕೆಲವರಿಗೆ ತಿಂಗಳುಗಳು. ಕಿಟಕಿಯಿಂದ ನೋಡಿದರೆ ನೀರು, ನೀರಿನಾಚೆ ದಡ. ಸ್ಥಳವೇನೋ ತಪೋವನದಂತೆ ರಮ್ಯ.

ಮರದ ಗೋಡೆಗಳ ಮೇಲೆ ಚೀನೀ ಅಕ್ಷರಗಳ ಸಾಲುಗಳು. ಬಂಧಿತರು ಕೆತ್ತಿದ ಪದ್ಯಗಳು ಅವು. ಪಾಳುಬಿದ್ದ ಕಟ್ಟಡವನ್ನು ಕೆಡವಲು ಸಿದ್ಧತೆ ನಡೆದಿದ್ದಾಗ, 1970ರಲ್ಲಿ, ಉದ್ಯಾನದ ಕಾವಲಿನವನೊಬ್ಬನ ಕಣ್ಣಿಗೆ ಬಿದ್ದು ಉಳಿದುವು. ಇನ್ನೂರಕ್ಕೂ ಹೆಚ್ಚು ಪದ್ಯಗಳನ್ನು ಅಲ್ಲಿಂದ ಎತ್ತಿ ಬರೆದುಕೊಂಡಿದ್ದಾರೆ. ಕೂಲಿಗೆಂದು ಬಂದವರು ಶಾಸ್ತ್ರೀಯ ಛಂದಸ್ಸಿನಲ್ಲಿ ತಮ್ಮ ಸಿಟ್ಟನ್ನೂ ನಾಚಿಕೆಯನ್ನೂ ಅಳತೆ ತಪ್ಪದಂತೆ ಬರೆದಿದ್ದಾರೆಂದು ಕೇಳಿ, ಮಾತ್ರೆ ಎಣಿಸುವುದನ್ನು ಕಲಿಸುತ್ತ ಆಯುಷ್ಯ ಕಳೆದ ನಾವು ಆ ಗೋಡೆಗೆ ಹೆಚ್ಚು ಹೊತ್ತು ಮುಖಮಾಡಿ ನಿಂತೆವು.

ಇಲ್ಲಿ ನಡೆಯುತ್ತಿದ್ದ ಪರೀಕ್ಷೆಯ ವಿಚಾರ ವಿಚಿತ್ರವಾದುದು. ಅಮೆರಿಕದಲ್ಲಿ ಹುಟ್ಟಿದವನು ಅಲ್ಲಿಯ ಪ್ರಜೆ. ಅವನ ಮಕ್ಕಳು ಎಲ್ಲಿ ಹುಟ್ಟಿದರೂ ಒಳಗೆ ಬರಬಹುದು. 1906ರ ಬೆಂಕಿಯಲ್ಲಿ ಊರಿನ ಜನನದ ದಾಖಲೆಗಳೆಲ್ಲ ಸುಟ್ಟುಹೋದುದರಿಂದ, ತಾವು ಇಲ್ಲಿಯೇ ಹುಟ್ಟಿದವರೆಂದು ಅನೇಕ ಚೀನೀಯರು ಹೇಳಿಕೊಂಡರು. ಆಮೇಲೆ ಚೀನಾಕ್ಕೆ ಹೋಗಿ ಬಂದಾಗಲೆಲ್ಲ ಅಲ್ಲಿ ಮಗ ಹುಟ್ಟಿದನೆಂದು ಬರೆಯಿಸಿದರು. ಹುಟ್ಟದೆಯೇ ಕಾಗದದಲ್ಲಿ ಉಳಿದ ಆ ಮಗನ ಸ್ಥಾನವನ್ನು ಇನ್ನೊಬ್ಬರ ಮಗನಿಗೆ ಮಾರುತ್ತಿದ್ದರು. ಇಂಥವರಿಗೆ ಕಾಗದದ ಮಕ್ಕಳೆಂದು ಹೆಸರು. ದತ್ತಕದಲ್ಲಿಯೂ ಹುಡುಗ ಗೋತ್ರವನ್ನು ಬದಲಾಯಿಸುತ್ತಾನೆ; ಆದರೆ ಅಗ್ನಿಸಾಕ್ಷಿಯಾಗಿ, ನಾಲ್ವರ ಮುಂದೆ. ಇಲ್ಲಿ ಕಳ್ಳತನದಲ್ಲಿ ವಂಶ ಬದಲಾಯಿತು. ಇದನ್ನು ಹಿಡಿಯುವುದಕ್ಕಾಗಿ ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳು ಹೀಗಿದ್ದುವು: ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಬಾವಿ ಯಾವ ದಿಕ್ಕಿನಲ್ಲಿದೆ? ಅಕ್ಕಿಯ ಪೆಟ್ಟಿಗೆ ಎಲ್ಲಿದೆ? ಮೂರನೆಯ ಮನೆಯವನಿಗೆ ಮಕ್ಕಳೆಷ್ಟು? ತಂದೆಯ ಉತ್ತರಕ್ಕೂ ಮಗನ ಉತ್ತರಕ್ಕೂ ಹೊಂದಿಕೆಯಿಲ್ಲದಿದ್ದರೆ ಮರುಹಡಗಿನಲ್ಲಿ ವಾಪಸು. ಆದುದರಿಂದ ಹುಡುಗರು ಇಲ್ಲದ ಮನೆಯೊಂದನ್ನು ಬಾಯಿಪಾಠ ಮಾಡಿ, ಪಾಠದ ಕಾಗದವನ್ನು ಬಂದರು ಬರುವ ಮುಂಚೆ ಸಮುದ್ರಕ್ಕೆಸೆಯುತ್ತಿದ್ದರು. ನಿಜವಾದ ಮಕ್ಕಳೂ ಪಾಠ ಮಾಡಿಯೇ ಬರಬೇಕಾಗಿತ್ತು. ತನ್ನ ಸ್ವಂತ ಮನೆಯ ಮೆಟ್ಟಿಲನ್ನು ಎಣಿಸಿಟ್ಟುಕೊಂಡವರು ಯಾರು?

ನಮಗೆ ಮೇಷ್ಟರ ಬುದ್ಧಿ. ಅಲ್ಲಿಯೇ ಮೊಮ್ಮಗಳನ್ನು ಕೇಳಿದೆವು: “ನಮ್ಮ ಊರಿನ ಮನೆಗೆ ಎಷ್ಟು ಮೆಟ್ಟಿಲು, ಹೇಳು.”

“ಐದು. ಮೇಲಿನದು ಒಡೆದಿದೆ. ನಾನು ಬಿದ್ದಿದ್ದು ಅಲ್ಲೇ ಅಲ್ವಾ, ಅಜ್ಜ?”

ನಾಲ್ಕೇ ಎಂದು ನಾವು ವಾದಿಸಿದೆವು. ರಾತ್ರಿ ಊರಿಗೆ ಫೋನು ಮಾಡಿ ಪಕ್ಕದ ಮನೆಯವರಿಂದ ಎಣಿಸಿ ಹೇಳಿಸಿದಾಗ ಐದೆಂದು ತಿಳಿಯಿತು. ಅರವತ್ತೆರಡು ವರ್ಷ ಹತ್ತಿಳಿದ ನಮ್ಮನ್ನು ಆ ಠಾಣೆಯವರು ವಾಪಸು ಕಳುಹಿಸುತ್ತಿದ್ದರು. ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದರು.

ಕಾಗದದ ಮಗನೊಬ್ಬನ ಮುಂದಿನ ಬಾಳು ಹೇಗಿರುತ್ತದೆಂಬುದನ್ನು ಫೇ ಮಿಯೆನ್ ಇಂಗ್ ಎಂಬ ಲೇಖಕಿ 1993ರ ‘ಬೋನ್’, ಎಂದರೆ ‘ಎಲುಬು’, ಎಂಬ ಕಾದಂಬರಿಯಲ್ಲಿ ಬರೆದಿದ್ದಾರೆ. ನಾವು ಓದಿದವುಗಳಲ್ಲಿ ಇದು ಶ್ರೇಷ್ಠವೆಂದು ನಮ್ಮ ಮತ. ಲಿಯಾನ್ ಎಂಬವನು ಕೊಂಡ ಹೆಸರಿನಿಂದ ದೇಶವನ್ನು ಹೊಕ್ಕವನು. ಬೆಲೆಯಾಗಿ ಹಣವನ್ನಷ್ಟೇ ಕೊಟ್ಟುದಲ್ಲ. ಕಾಗದದ ತಂದೆಯಾದ ವೃದ್ಧ ಲಿಯಾಂಗನ ಎಲುಬುಗಳನ್ನು ಚೀನಾಕ್ಕೆ ಕಳುಹಿಸುವೆನೆಂದು ಮಾತು ಕೊಟ್ಟಿದ್ದನು. ಪರದೇಶದಲ್ಲಿ ಸತ್ತವನ ಎಲುಬುಗಳನ್ನು ಕೆಲವು ವರ್ಷಗಳ ಮೇಲೆ ತೆಗೆದು ಹುಟ್ಟಿದೂರಿಗೆ ಕಳುಹಿಸುವುದು ಆ ಜನರಲ್ಲಿ ವಾಡಿಕೆಯಾಗಿತ್ತು. ಅಸ್ಥಿಯನ್ನು ಗಂಗೆಗೆ ಒಯ್ಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಲಿಯಾನ್ ಮಾತನ್ನು ನಡೆಸಲಿಲ್ಲ. ನಡುವಿನ ಮಗಳು ಓನಾ ಎತ್ತರದ ಮಾಳಿಗೆಯಿಂದ ಹಾರಿ ಪ್ರಾಣಬಿಟ್ಟಾಗ, ಇದು ಆ ಎಲುಬುಗಳ ಶಾಪವೆಂದು ಅವನು ನಂಬುತ್ತಾನೆ. ಹಿರಿಯ ಮಲಮಗಳು ಅವನ ವಯಸ್ಸಿನ ದಾಖಲೆಗಾಗಿ ಹಳೆಯ ಪೆಟ್ಟಿಗೆಯನ್ನು ಬಿಚ್ಚಿದರೆ, ಕೆಲಸವಿಲ್ಲ, ಮನೆಯಿಲ್ಲ ಎಂದು ಬಂದ ಪತ್ರಗಳನ್ನೂ ಕೂಡ ಅವನು ಜೋಡಿಸಿಟ್ಟಿದ್ದಾನೆ. ಒಂದು ಕಾಗದದಿಂದ ಮಗನಾದವನಿಗೆ ಯಾವ ಕಾಗದವನ್ನೂ ಎಸೆಯಲು ಧೈರ್ಯವಿಲ್ಲ. ಈ ಪೆಟ್ಟಿಗೆಯ ಪ್ರಸಂಗವನ್ನು ಲೇಖಕಿ ಎರಡು ಹನಿ ಕಣ್ಣೀರೂ ಇಲ್ಲದೆ ಬರೆದಿದ್ದಾರೆ, ಓದುವವರೇ ಸುರಿಸಬೇಕು.

ಠಾಣೆಯಲ್ಲಿ ಹೆಂಗಸರನ್ನಿಟ್ಟಿದ್ದ ಕಟ್ಟಡ ಎಲ್ಲಿ ಎಂದು ಮೊಮ್ಮಗಳು ಅಲ್ಲಿಯ ಮಾರ್ಗದರ್ಶಿಯನ್ನು ಕೇಳಿದಳು. 1940ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದರೊಡನೆ ಹೆಂಗಸರು ಬರೆದಿದ್ದ ಪದ್ಯಗಳೂ ಹೋದುವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹಿಂದಿರುಗುವ ಹಡಗಿನಲ್ಲಿ ತನ್ನ ಚೀಲದಿಂದ ಇನ್ನೊಂದು ಪುಸ್ತಕವನ್ನು ತೆಗೆದು, “ಅಜ್ಜ, ಇದರ ಮೊದಲನೇ ಕಥೆ ಓದಿದ್ರಾ?” ಎಂದಳು. ನಾವು ಹಿಂದಿನ ವಾರವೇ ಅದನ್ನು ಓದಿದ್ದೆವು. ಓದಿ, ಆ ವಿಷಯವನ್ನೆತ್ತದೆ ಇದ್ದೆವು.

ಅದು ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಎಂಬವರ ‘ದಿ ವುಮನ್ ವಾರಿಯರ್’, 1976ರ ಗ್ರಂಥ. ಲೇಖಕಿ 1940ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಎಂಬ ಊರಿನಲ್ಲಿ ಹುಟ್ಟಿದವರು. ಆತ್ಮಕಥೆಯೋ ಕಾದಂಬರಿಯೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಈ ಗ್ರಂಥದ ಮೇಲೆ ಫ್ರಾಂಕ್ ಚಿನ್ ಎಂಬ ಚೀನೀ ಅಮೆರಿಕದ ನಾಟಕಕಾರರು ಹೊರಿಸಿದ ಆರೋಪವೊಂದು ಪ್ರಸಿದ್ಧವಾಗಿದೆ. ಯೋಧಳಾದ ಫಾ ಮು ಲಾನಳ ಕಥೆಗೆ ಯೂಯೆ ಫೇ ಎಂಬ ಸೇನಾಪತಿಯ ಕಥೆಯಿಂದ ಬೆನ್ನಿನ ಮೇಲೆ ಅಕ್ಷರ ಕೊರೆಯುವ ಪ್ರಸಂಗವನ್ನು ತಂದು ಬೆರಸಿ, ಬಿಳಿಯರ ಮೆಚ್ಚುಗೆಗಾಗಿ ಪುರಾಣವನ್ನು ಕೆಡಿಸಿದ್ದಾರೆಂದು ಅವರ ಸಿಟ್ಟು. ಸಂಸ್ಕೃತ ಓದಿದ ನಮಗೆ ಮೊದಲು ಇದು ವಿಚಿತ್ರವಾಗಿ ತೋರಿತು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ, ದೂರ್ವಾಸರ ಶಾಪವೂ ಇಲ್ಲ. ಅವನ್ನು ತಂದ ಕಾಳಿದಾಸನನ್ನು ಯಾರು ದೂರಿದರು? ಆಮೇಲೆ ಯೋಚಿಸಿದರೆ ಚಿನ್ನರ ಮಾತಿನಲ್ಲಿಯೂ ಹುರುಳು ಕಂಡಿತು. ಕಾಳಿದಾಸನ ಸಭಿಕರಿಗೆ ಮೂಲ ಗೊತ್ತಿತ್ತು. ಗ್ರಾಂಟ್ ಅವೆನ್ಯೂವಿನ ಗೋಪುರಗಳನ್ನೇ ಚೀನಾ ಎಂದು ತಿಳಿದವರ ಮುಂದೆ ಕಥೆಯನ್ನು ತಿದ್ದಿ ಹೇಳಿದರೆ ತಿದ್ದಿದ್ದೇ ಮೂಲವಾಗಿಬಿಡುತ್ತದೆ. ಇಷ್ಟಾದರೂ, ಹರಕು ಮುರುಕಾಗಿ ಕಿವಿಗೆ ಬಿದ್ದ ಕಥೆಗಳಿಂದಲೇ ಮನೆ ಕಟ್ಟಿಕೊಳ್ಳಬೇಕಾದ ಮಗಳಿಗೆ ಬೇರೆ ದಾರಿ ಯಾವುದಿತ್ತು? ಈ ವ್ಯಾಜ್ಯದಲ್ಲಿ ನಾವು ಕೊನೆಗೆ ಲೇಖಕಿಯ ಕಡೆಗೆ ನಿಂತೆವು.

ಮೊದಲನೆಯ ಕಥೆ ತಂದೆಯ ತಂಗಿಯದು. ಗಂಡ ಅಮೆರಿಕದಲ್ಲಿರಲು ಆಕೆ ಬಸುರಾಗುತ್ತಾಳೆ. ಹೆರಿಗೆಯ ರಾತ್ರಿ ಊರವರು ನುಗ್ಗಿ ಮನೆಯನ್ನು ಹಾಳುಮಾಡುತ್ತಾರೆ. ಬೆಳಗ್ಗೆ ಅವಳೂ ಕೂಸೂ ಬಾವಿಯಲ್ಲಿರುತ್ತಾರೆ. ಅಂಥವಳೊಬ್ಬಳು ಹುಟ್ಟಿಯೇ ಇರಲಿಲ್ಲವೆಂದು ಮನೆಯವರು ನಡೆದುಕೊಳ್ಳುತ್ತಾರೆ. ಅವಳ ಹೆಸರು ಲೇಖಕಿಗೂ ತಿಳಿಯದು. ಸತ್ತವರಿಗಾಗಿ ಕಾಗದದ ಬಟ್ಟೆ ಮನೆಗಳನ್ನು ಸುಡುವುದು ಚೀನೀಯರ ಪದ್ಧತಿ. ಈ ಅತ್ತೆಗೆ ಅದೂ ಇಲ್ಲ.

ಹುಡುಗಿ ಕೇಳಿಯೇಬಿಟ್ಟಳು: “ನಮ್ಮನೇಲೂ ಇಂಥವರು ಯಾರಾದ್ರೂ ಇದ್ರಾ, ಅಜ್ಜ?”

ಮಹಾಲಯ ತರ್ಪಣದಲ್ಲಿ ತಂದೆ ತಾಯಿಗಳಿಂದ ಮೊದಲುಗೊಂಡು ಅಗಲಿದ ಬಂಧುಗಳನ್ನೆಲ್ಲ ಕ್ರಮವಾಗಿ ಹೆಸರಿಸಿ ಎಳ್ಳುನೀರು ಬಿಡುತ್ತೇವೆ. ಆ ಕ್ರಮದಲ್ಲಿ ಪಿತೃಭಗಿನೀ ಎಂಬುದೊಂದು ಸ್ಥಾನವಿದೆ. ಅಲ್ಲಿಗೆ ಬಂದಾಗ ನಮ್ಮ ತಂದೆಯವರು ಒಂದು ಉಸಿರಿನಷ್ಟು ಹೊತ್ತು ನಿಂತು ಮುಂದಕ್ಕೆ ಹೋಗುತ್ತಿದ್ದರು. ಮಂತ್ರ ಮರೆತರೆಂದು ಚಿಕ್ಕಂದಿನಲ್ಲಿ ನಾವು ತಿಳಿದಿದ್ದೆವು. ಹನ್ನೊಂದನೆಯ ವಯಸ್ಸಿನಲ್ಲಿ ಅಟ್ಟದ ಮೇಲಿದ್ದ ಜೈಮಿನಿ ಭಾರತದ ಪ್ರತಿಯೊ೦ದರ ಮೊದಲ ಪುಟದಲ್ಲಿ, ಚಾಕುವಿನಿಂದ ಹೆರೆದುಹಾಕಿದ ಒಂದು ಹೆಸರಿನ ಕೊನೆಯ ಎರಡಕ್ಷರಗಳನ್ನು ಕಂಡು ತಾಯಿಯನ್ನು ಕೇಳಿದೆವು. ಅವರು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಹಸುವಿನ ಮರೆಯಲ್ಲಿ ಹೇಳಿದರು. ತಂದೆಯವರಿಗೆ ಒಬ್ಬಳು ತಂಗಿಯಿದ್ದಳು. ಹದಿನೇಳಕ್ಕೆ ವಿಧವೆಯಾದಳು. ಮನೆಯಲ್ಲಿದ್ದು ಓದುತ್ತಿದ್ದಳು, ಹಾಡುತ್ತಿದ್ದಳು. 1954ರಲ್ಲಿ ಬೇರೆ ಜಾತಿಯ ಉಪಾಧ್ಯಾಯರೊಬ್ಬರೊಡನೆ ಊರು ಬಿಟ್ಟಳು. ಆ ಸಂಜೆ ನಮ್ಮ ಅಜ್ಜಂದಿರು ತುಂಗೆಯಲ್ಲಿ ಮುಳುಗಿ ಎದ್ದು, ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟರು. ಅಪ್ಪಯ್ಯನ ಕಿವಿಗೆ ಈ ಹೆಸರು ಬೀಳಬಾರದು ಎಂದು ಹೇಳಿ ತಾಯಿ ಹಾಲು ಕರೆಯುವುದನ್ನು ಮುಂದುವರಿಸಿದರು. ತಂದೆಯವರು ತೀರಿಕೊಂಡು ಹದಿನೆಂಟು ವರ್ಷವಾಯಿತು. ಅವರು ಬಿಟ್ಟ ಜಾಗವನ್ನು ನಾವೂ ಹಾಗೆಯೇ ಬಿಟ್ಟುಕೊಂಡು ಬಂದಿದ್ದೆವು. ಬಿಡುವಾಗ ಮಂತ್ರ ಮರೆತವರಂತೆ ನಿಲ್ಲುತ್ತಲೂ ಇದ್ದೆವು.

ಇದನ್ನೆಲ್ಲ ಹಡಗಿನ ಗಾಳಿಯಲ್ಲಿ ಕೂಗಿ ಕೂಗಿ ಹೇಳಬೇಕಾಯಿತು. ಹೆಸರೇನು ಎಂದಳು. ಹೇಳಿದೆವು. ಐವತ್ತು ವರ್ಷಗಳಲ್ಲಿ ಆ ಹೆಸರು ನಮ್ಮ ಬಾಯಿಂದ ಹೊರಟುದು ಅದೇ ಮೊದಲು. ಅವಳು ಟಿಕೆಟ್ಟಿನ ಹಿಂಭಾಗದಲ್ಲಿ ಕನ್ನಡದಲ್ಲಿ ಬರೆದಳು. ಒತ್ತಕ್ಷರ ತಪ್ಪಾಗಿತ್ತು, ತಿದ್ದಿಕೊಟ್ಟೆವು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಕೆಗೆ ಮಕ್ಕಳು ಮೊಮ್ಮಕ್ಕಳು ಇದ್ದಲ್ಲಿ ಅವರ ಅಪ್ಪಣೆಯಿಲ್ಲದೆ ಬರೆಯುವ ಅಧಿಕಾರ ನಮಗಿಲ್ಲ.

ರಾತ್ರಿ ಮೊಮ್ಮಗಳು ಟಿಕೆಟ್ಟನ್ನು ತಾಯಿಗೆ ತೋರಿಸಿದಳು. ಮಗಳು ಅದನ್ನು ಓದಿ, “ಅಪ್ಪಯ್ಯಾ, ನನಗೆ ಮೂವತ್ತೆಂಟು ವರ್ಷ. ಒಂದು ದಿನವೂ ಹೇಳಲಿಲ್ಲವಲ್ಲ!” ಎಂದಳು. ಸಿಟ್ಟಿತ್ತೋ ದುಃಖವಿತ್ತೋ ತಿಳಿಯದು. ಮತ್ತೆ ಮಾತಾಡದೆ ಸಾರು ಬಡಿಸಿದಳು. ನಮ್ಮ ಮನೆಯವರಿಗೆ ಎಲ್ಲ ಗೊತ್ತಿತ್ತಂತೆ. ನಮ್ಮ ತಾಯಿ ಅವರಿಗೂ ಕೊಟ್ಟಿಗೆಯಲ್ಲಿಯೇ ಹೇಳಿದ್ದರಂತೆ.

ಊರಿಗೆ ಬಂದ ಮೇಲೆ ಪಕ್ಷಮಾಸ ಹತ್ತಿರವಾಯಿತು. ಹೆಸರು ಹೇಳಿ ನೀರು ಬಿಡೋಣವೆಂದರೆ ಒಂದು ತೊಡಕು. ಆಕೆ ಬದುಕಿದ್ದರೆ ಈಗ ತೊಂಬತ್ತರ ಸಮೀಪ. ಬದುಕಿರುವವರಿಗೆ ಒಮ್ಮೆ ಬಿಟ್ಟ ಎಳ್ಳುನೀರೇ ಸಾಕು, ನಾವೂ ಬಿಡುವುದು ಬೇಡ. ಆ ಉಪಾಧ್ಯಾಯರ ಕಡೆಯ ಊರು ಯಾವುದೆಂದು ವಿಚಾರಿಸಿ, ಅಲ್ಲಿಯ ಹಿರಿಯರೊಬ್ಬರಿಗೆ ಪತ್ರ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಫ್ರೀಮಾಂಟಿನಿಂದ ಫೋನು ಬರುತ್ತದೆ, ಕ್ಷೇಮಸಮಾಚಾರಕ್ಕೂ ಮುಂಚೆ ಹುಡುಗಿ ಕನ್ನಡದಲ್ಲಿ ಕೇಳುವುದು, “ಅಜ್ಜ, ಕಾಗದ ಬಂತಾ?”